ಕವರ್ ನೋಡಿ ಎಲ್.ಪಿ. ಕೊಳ್ಳುವವರಿಗೆ: ಯಾವ ದಾರಿ ಹಿಡಿದರೆ ಒಳ್ಳೆಯದು?

ಕವರ್ ಚೆನ್ನಾಗಿದೆ ಅಂತ ಹಳೆ ಎಲ್.ಪಿ. (ಹಾಡಿನ ದೊಡ್ಡ ಪ್ಲೇಟು) ಕೊಳ್ಳುವವರನ್ನು ಕಂಡರೆ ಹಾಡಿಗಾಗಿ ಕೊಳ್ಳುವವರಿಗೆ ಸ್ವಲ್ಪ ತಮಾಷೆ. ಇರಲಿ ಬಿಡಿ. ಅವರಿಗಿಲ್ಲದ ಒಂದು ಲಾಭ ನಮಗಿದೆ. ಪ್ಲೇಟಿನ ಮೇಲೆ ಒಂದು ಗೀರು ಕಂಡರೂ ಅವರು ಅದನ್ನು ಕೆಳಗಿಟ್ಟು ಮುಂದೆ ಹೋಗುತ್ತಾರೆ. ನಮಗೆ ಅದೇ ಗೀರು ರಿಯಾಯಿತಿ. ಪ್ಲೇಟು ಪೂರ್ತಿ ಹಾಳಾಗಿ ಕವರ್ ಮಾತ್ರ ಹೊಸದರಂತೆ ಉಳಿದಿರುವ ಎಲ್.ಪಿ. ಸಿಕ್ಕರೆ ಅದಕ್ಕಿಂತ ಒಳ್ಳೆ ವ್ಯಾಪಾರ ಇನ್ನೊಂದಿಲ್ಲ.

ಆದರೆ ಸಿಕ್ಕಿದ್ದೆಲ್ಲ ತಂದು ತುಂಬಿಕೊಂಡರೆ ಮನೆ ಗುಜರಿ ಅಂಗಡಿ ಆಗುತ್ತದೆ, ಕೈಯಲ್ಲಿ ಕಾಸೂ ಉಳಿಯುವುದಿಲ್ಲ. ಒಂದು ದಾರಿ ಆರಿಸಿಕೊಳ್ಳಬೇಕು. ಅದಕ್ಕೆ ನಾನು ಕೇಳುವ ಮೊದಲ ಪ್ರಶ್ನೆ ಇದು: ನಿಮಗೆ ಇಷ್ಟವಾಗಿದ್ದು ಕವರಿನ ಮೇಲಿನ ಚಿತ್ರವೋ, ಅಥವಾ ಕವರೇ ಒಂದು ವಸ್ತುವೋ? ಚಿತ್ರವಾದರೆ ಮರುಮುದ್ರಣ ಸಾಕು, ಎಷ್ಟೋ ಸಲ ಅದೇ ವಾಸಿ. ಆದರೆ ಜಿಪ್ ಇರುವ, ತಿರುಗುವ ಚಕ್ರ ಇರುವ, ಕಿಟಕಿ ಕತ್ತರಿಸಿದ ಕವರ್ ಬೇಕು ಅಂದರೆ ಯಾವ ವರ್ಷದ ಪ್ರತಿ ಅಂತ ನೋಡಲೇಬೇಕು. ಇದೊಂದು ತಲೆಯಲ್ಲಿದ್ದರೆ ಅರ್ಧ ದುಡ್ಡು ಉಳಿಯುತ್ತದೆ.

ಹಿನ್ನೆಲೆ ಎರಡೇ ಮಾತಲ್ಲಿ. ಮೊದಲು ರೆಕಾರ್ಡುಗಳು ಬರುತ್ತಿದ್ದದ್ದು ಬರೀ ಕಂದು ಕಾಗದದ ಅಥವಾ ಬೋಳು ರಟ್ಟಿನ ಹೊದಿಕೆಯಲ್ಲಿ. 1940ರ ಹೊತ್ತಿಗೆ ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿದ್ದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವಕ ಹೊದಿಕೆಯ ಮೇಲೆ ಚಿತ್ರ ಹಾಕೋಣ ಅಂತ ಹೊರಟ. 1948ರಲ್ಲಿ ಅದೇ ಕಂಪನಿ 12 ಇಂಚಿನ ಎಲ್.ಪಿ. ತಂದಾಗ ಚಿತ್ರಕಾರರಿಗೆ ಒಂದಡಿ ಅಗಲ, ಒಂದಡಿ ಉದ್ದದ ಜಾಗ ಸಿಕ್ಕಿತು. ನಾವು ಹುಡುಕುವುದೆಲ್ಲ ಆ ಒಂದಡಿಯೊಳಗೇ ಇದೆ.

ಬ್ಲೂ ನೋಟ್: ಮೂಲ ಪ್ರತಿಯ ಆಸೆ ಬಿಟ್ಟುಬಿಡಿ

ಜಾಝ್ ಕೇಳದವರೂ ಬ್ಲೂ ನೋಟ್ ಕಂಪನಿಯ ಕವರುಗಳನ್ನು ಎಲ್ಲೋ ನೋಡಿರುತ್ತೀರಿ. ಒಂದೇ ಬಣ್ಣ ಮೆತ್ತಿದ ಫೋಟೋ, ಪಕ್ಕದಲ್ಲಿ ದಪ್ಪ ಅಕ್ಷರ, ಉಳಿದದ್ದು ಖಾಲಿ ಜಾಗ. ಫೋಟೋ ತೆಗೆದವನು ಫ್ರಾನ್ಸಿಸ್ ವುಲ್ಫ್, 1939ರಲ್ಲಿ ಬರ್ಲಿನ್ ಬಿಟ್ಟು ನ್ಯೂಯಾರ್ಕಿಗೆ ಓಡಿ ಬಂದವನು. ವಿನ್ಯಾಸ ರೀಡ್ ಮೈಲ್ಸ್. 50ರ ದಶಕದ ನಡುವಿನಿಂದ 1967ರವರೆಗೆ ಸುಮಾರು ಐನೂರು ಕವರ್ ಮಾಡಿದ. ತಮಾಷೆ ಅಂದರೆ ಅವನಿಗೆ ಜಾಝ್ ಅಷ್ಟೇನೂ ಇಷ್ಟ ಇರಲಿಲ್ಲ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪೈಕಿ. ಆದರೂ ಅವನ ಅಕ್ಷರಗಳು ಆ ಸಂಗೀತದ ತಾಳವನ್ನೇ ಹಿಡಿದಂತೆ ಇವೆ. ಫ್ರೆಡ್ಡಿ ಹಬರ್ಡ್‌ನ 'ಹಬ್-ಟೋನ್ಸ್' ನೋಡಿ: ಸಾಲಾಗಿ ಕಪ್ಪು ಪಟ್ಟಿಗಳು, ಅದರಲ್ಲಿ ಒಂದು ಮಾತ್ರ ಕೆಳಗೆ ಜಾರಿದೆ. ಜಾಕಿ ಮೆಕ್ಲೀನ್‌ನ 'ಇಟ್ಸ್ ಟೈಮ್!' ಇನ್ನೂ ಮಜಾ. ಕವರಿನ ತುಂಬ ಆಶ್ಚರ್ಯಸೂಚಕ ಚಿಹ್ನೆಗಳು, ಕಲಾವಿದನ ಫೋಟೋ ಮೂಲೆಯಲ್ಲಿ ಚಿಕ್ಕದಾಗಿ.

ಮೂಲ ಪ್ರತಿಗಳ ಬೆಲೆ ಕೇಳಬೇಡಿ. ಅಪರೂಪದವು ಸಾವಿರಾರು ಡಾಲರಿಗೆ ಹೋಗುತ್ತವೆ. ಆ ಬೆಲೆ ಬರುವುದು ಲೇಬಲ್ಲಿನ ಮೇಲಿನ ವಿಳಾಸ ಯಾವುದು, ಪ್ಲೇಟಿನ ಒಳ ಅಂಚಿನಲ್ಲಿ ಯಾವ ಗುರುತು ಕೊರೆದಿದೆ ಅನ್ನುವ ವಿಷಯಗಳಿಂದ. ಗೋಡೆ ಮೇಲೆ ತೂಗುಹಾಕುವವರಿಗೆ ಇದರಿಂದ ಏನು ಪ್ರಯೋಜನ ಹೇಳಿ? 2019ರಿಂದ ಬ್ಲೂ ನೋಟ್ ಕಂಪನಿಯೇ 'ಟೋನ್ ಪೊಯೆಟ್' ಅಂತ ಮರುಮುದ್ರಣ ತರುತ್ತಿದೆ. ಹಳೆ ಪದ್ಧತಿಯಂತೆ ದಪ್ಪ ರಟ್ಟಿನ ಮೇಲೆ ಮುದ್ರಿತ ಕಾಗದ ಅಂಟಿಸಿದ ಕವರ್. ಬಿಚ್ಚಿದರೆ ಒಳಗೆ ರೆಕಾರ್ಡಿಂಗ್ ದಿನ ವುಲ್ಫ್ ತೆಗೆದ ಫೋಟೋಗಳು ದೊಡ್ಡದಾಗಿವೆ. ಅವು ಮೂಲ ಪ್ರತಿಯಲ್ಲಿ ಇರಲೇ ಇಲ್ಲ. ಚಿತ್ರಕ್ಕಾಗಿ ಕೊಳ್ಳುವವರ ಮಟ್ಟಿಗೆ ಹೊಸದು ಹಳೆಯದನ್ನು ಸೋಲಿಸುವ ಜಾಗ ಇದು. ಅಷ್ಟೂ ಬೇಡವೆಂದರೆ 70-80ರ ದಶಕದ ಜಪಾನಿ ಮುದ್ರಣಗಳಿವೆ. ಅವುಗಳ ಮುದ್ರಣವೂ ಚೊಕ್ಕ, ಹಳೆಯದೆಂಬ ತೃಪ್ತಿಯೂ ಸಿಗುತ್ತದೆ.

ಹಿಪ್ನೋಸಿಸ್, ರೋಜರ್ ಡೀನ್: ಬಿಚ್ಚಿ ನೋಡುವ ಕವರುಗಳು

ಇಂಗ್ಲೆಂಡಿನ 70ರ ದಶಕದ ರಾಕ್ ಕವರುಗಳಲ್ಲಿ ಎರಡು ಮನೆತನ ಅಂತ ಇಟ್ಟುಕೊಳ್ಳಿ. ಒಂದು ಹಿಪ್ನೋಸಿಸ್ ಎಂಬ ವಿನ್ಯಾಸ ಸಂಸ್ಥೆ, ಸ್ಟಾರ್ಮ್ ಥಾರ್ಗರ್ಸನ್ ಮತ್ತು ಆಬ್ರಿ ಪೊವೆಲ್ 1968ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ್ದು. ಇವರದ್ದು ಫೋಟೋ, ಅದೂ ಕಂಪ್ಯೂಟರ್ ಇಲ್ಲದ ಕಾಲದ ಫೋಟೋ. ಪಿಂಕ್ ಫ್ಲಾಯ್ಡ್‌ನ 'ವಿಶ್ ಯು ವರ್ ಹಿಯರ್' ಕವರಿನಲ್ಲಿ ಕೈಕುಲುಕುತ್ತಾ ಉರಿಯುತ್ತಿರುವ ಮನುಷ್ಯ ನಿಜವಾಗಿಯೂ ಉರಿಯುತ್ತಿದ್ದ, ಬೆಂಕಿ ಹಚ್ಚಿಕೊಂಡು ನಿಂತ ಸ್ಟಂಟ್ ಕಲಾವಿದ ಅವನು. 'ಅನಿಮಲ್ಸ್' ಕವರಿಗಾಗಿ ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಮೇಲೆ ಹಾರಿಸಿದ ಹಂದಿ ಬಲೂನು ಹಗ್ಗ ಕಿತ್ತುಕೊಂಡು ವಿಮಾನಗಳ ದಾರಿಗೇ ಹೋಗಿತ್ತು. 1970ರ 'ಆಟಮ್ ಹಾರ್ಟ್ ಮದರ್' ಕವರಿನಲ್ಲಿ ಬರೀ ಒಂದು ಹಸು, ತಿರುಗಿ ನೋಡುತ್ತಾ ನಿಂತಿದೆ. ಬ್ಯಾಂಡಿನ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ನನ್ನ ಮಟ್ಟಿಗೆ ಇವರ ಕೆಲಸದಲ್ಲೆಲ್ಲ ಅದೇ ಮೇಲು.

'ಡಾರ್ಕ್ ಸೈಡ್ ಆಫ್ ದಿ ಮೂನ್' ಬಗ್ಗೆ ನನ್ನ ಸಲಹೆ ಸ್ವಲ್ಪ ಬೇರೆ. ಆ ಪಟ್ಟಕದ ಚಿತ್ರ ಟಿ-ಶರ್ಟಿನ ಮೇಲೆ, ಕಪ್ಪಿನ ಮೇಲೆ, ಮೊಬೈಲ್ ಕವರಿನ ಮೇಲೆ ಎಲ್ಲಾ ಕಡೆ ಇದೆ. ಕೊಳ್ಳುವುದಾದರೆ ಒಳಗೆ ಎರಡು ಪೋಸ್ಟರು, ಎರಡು ಸ್ಟಿಕ್ಕರು ಇರುವ ಪ್ರತಿಯನ್ನೇ ಕೊಳ್ಳಿ. ಅವಿಲ್ಲದಿದ್ದರೆ ಸುಮ್ನೆ ಬಿಡಿ.

ಇನ್ನೊಂದು ಮನೆತನ ರೋಜರ್ ಡೀನ್. ಯೆಸ್ ಬ್ಯಾಂಡಿಗೆ ಗಾಳಿಯಲ್ಲಿ ತೇಲುವ ಬಂಡೆ, ವಿಚಿತ್ರ ಗಿಡಮರ ಬರೆದವನು. ಇವನ ಕವರುಗಳಲ್ಲಿ ಒಂದು ಮೋಸ ಇದೆ, ಹುಷಾರು. 1972ರ 'ಕ್ಲೋಸ್ ಟು ದಿ ಎಡ್ಜ್' ಹೊರಗಿನಿಂದ ನೋಡಿದರೆ ಬರೀ ಹಸಿರು ಬಣ್ಣ, ಮೇಲೆ ಬ್ಯಾಂಡಿನ ಹೆಸರು. ನೀರು ಅಂಚಿನಿಂದ ಸುರಿಯುವ ಆ ಪ್ರಸಿದ್ಧ ಚಿತ್ರ ಇರುವುದು ಒಳಗೆ. ಒಂದಡಿಯ ಸಾಮಾನ್ಯ ಫ್ರೇಮ್ ತಂದರೆ ಹಸಿರು ಬಣ್ಣ ನೋಡುತ್ತಾ ಕೂರಬೇಕು. ಇಂಥ ಮಡಚುವ ಕವರುಗಳಿಗೆ ಎರಡಡಿ ಅಗಲದ ಫ್ರೇಮ್ ಬೇಕು, ಅದನ್ನು ಹೇಳಿ ಮಾಡಿಸಬೇಕು. ಮೈಲ್ಸ್ ಡೇವಿಸ್‌ನ 'ಬಿಚಸ್ ಬ್ರೂ' ಕೂಡ ಹಾಗೆಯೇ. ಮಾಟಿ ಕ್ಲಾರ್ವೈನ್ ಬರೆದ ಆ ಚಿತ್ರ ಮುಂದಿನಿಂದ ಹಿಂದಕ್ಕೆ ಸಾಗುತ್ತದೆ, ಪೂರ್ತಿ ಬಿಚ್ಚದೆ ಅರ್ಥವಾಗುವುದಿಲ್ಲ.

ನಮ್ಮವರಿಗೆ ಮಜಾ ಕೊಡುವ ಒಂದು ಕವರ್ 1967ರ 'ಆಕ್ಸಿಸ್: ಬೋಲ್ಡ್ ಆಸ್ ಲವ್'. ನಮ್ಮ ಕಡೆಯ ಅಗ್ಗದ ದೇವರ ಪಟ ಒಂದನ್ನು ತೆಗೆದುಕೊಂಡು, ಆ ವಿಶ್ವರೂಪದ ನಡುವೆ ಜಿಮಿ ಹೆಂಡ್ರಿಕ್ಸ್ ಮತ್ತು ಅವನ ಇಬ್ಬರು ಜೊತೆಗಾರರ ಮುಖ ಕೂರಿಸಿದ್ದಾರೆ. ಹೆಂಡ್ರಿಕ್ಸನಿಗೇ ಅದು ಹಿಡಿಸಲಿಲ್ಲ. 'ಇಂಡಿಯನ್' ಅಂದಾಗ ಅವನ ಮನಸ್ಸಿನಲ್ಲಿದ್ದದ್ದು ಅಮೆರಿಕದ ಮೂಲನಿವಾಸಿಗಳು, ಅವನ ಅಜ್ಜಿಯ ಕಡೆಯವರು. ಅದೇ ವರ್ಷದ ಬೀಟಲ್ಸ್‌ನ 'ಸಾರ್ಜೆಂಟ್ ಪೆಪರ್' ಕವರಿನ ಜನಜಂಗುಳಿಯಲ್ಲಿ ಪರಮಹಂಸ ಯೋಗಾನಂದರಿದ್ದಾರೆ, ಆದರೆ ಮೊದಲು ಇದ್ದ ಗಾಂಧೀಜಿಯನ್ನು ಅಳಿಸಿಬಿಟ್ಟರು. ಭಾರತದಲ್ಲಿ ಗಲಾಟೆ ಆಗಬಹುದು ಅಂತ ಇ.ಎಂ.ಐ. ಕಂಪನಿಗೆ ಹೆದರಿಕೆ.

ಕವರೇ ಆಟಿಕೆ: ಇಲ್ಲಿ ವರ್ಷ ನೋಡಿ ಕೊಳ್ಳಿ

ನನಗೆ ಅತಿ ಇಷ್ಟದ ಗುಂಪು ಇದು. ಜೇಬಿಗೆ ಕತ್ತರಿ ಬೀಳುವುದೂ ಇಲ್ಲೇ.

ರೋಲಿಂಗ್ ಸ್ಟೋನ್ಸ್‌ನ 1971ರ 'ಸ್ಟಿಕಿ ಫಿಂಗರ್ಸ್' ಎಲ್ಲರಿಗೂ ಗೊತ್ತು. ಅಮೆರಿಕದ ಚಿತ್ರಕಾರ ಆಂಡಿ ವಾರ್ಹಾಲ್‌ನ ಯೋಚನೆ, ಜೀನ್ಸ್ ಪ್ಯಾಂಟಿನ ಫೋಟೋ, ಅದರ ಮೇಲೆ ನಿಜವಾದ ಲೋಹದ ಜಿಪ್. ಅಂಗಡಿಗೆ ಸಾಗಿಸುವಾಗ ಒಂದರ ಮೇಲೊಂದು ಪೇರಿಸಿದ್ದರಿಂದ ಜಿಪ್ಪು ಪಕ್ಕದ ಪ್ಲೇಟಿಗೆ ಒತ್ತಿ ಹಾಡು ಹಾಳಾಯಿತು. ಆಮೇಲೆ ಜಿಪ್ಪನ್ನು ಅರ್ಧ ಕೆಳಗೆಳೆದು ಕಳಿಸಲು ಶುರು ಮಾಡಿದರು. ಒತ್ತಿದರೂ ಹಾಡಿನ ಗೆರೆಗಳ ಮೇಲೆ ಬೀಳದೆ ನಡುವಿನ ಲೇಬಲ್ಲಿನ ಮೇಲೆ ಬೀಳಲಿ ಅಂತ. ಮುಂದೆ ಬಂದ ಅಗ್ಗದ ಮುದ್ರಣಗಳಲ್ಲಿ ಜಿಪ್ಪಿನ ಜಾಗದಲ್ಲಿ ಜಿಪ್ಪಿನ ಫೋಟೋ ಇದೆ. ಮಾರುವವನು ತೆಗೆದ ಚಿಕ್ಕ ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಕೇಳಿ ಕೊಳ್ಳಿ, ಪಕ್ಕದಿಂದ ತೆಗೆದ ಫೋಟೋ ಕಳಿಸಿ ಅನ್ನಿ.

ಲೆಡ್ ಝೆಪ್ಪೆಲಿನ್‌ನ ಮೂರನೆಯ ಆಲ್ಬಮ್ಮಿನಲ್ಲಿ, 1970ರದ್ದು, ಕವರಿನೊಳಗೆ ಒಂದು ರಟ್ಟಿನ ಚಕ್ರ. ಅಂಚಿನಲ್ಲಿ ಬೆರಳಿಟ್ಟು ತಿರುಗಿಸಿದರೆ ತೂತುಗಳಲ್ಲಿ ಬೇರೆ ಬೇರೆ ಚಿತ್ರ ಬರುತ್ತದೆ. ಅದೇ ಬ್ಯಾಂಡಿನ 1975ರ 'ಫಿಸಿಕಲ್ ಗ್ರಾಫಿಟಿ' ನ್ಯೂಯಾರ್ಕಿನ ಒಂದು ಕಟ್ಟಡದ ಫೋಟೋ, ಕಿಟಕಿಗಳನ್ನೆಲ್ಲ ಕತ್ತರಿಸಿದ್ದಾರೆ. ಒಳಗಿನ ಕಾಗದ ಬದಲಿಸಿದರೆ ಕಿಟಕಿಯಲ್ಲಿ ಕಾಣುವ ಜನ ಬದಲಾಗುತ್ತಾರೆ. ಇವೆರಡರಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಎರಡನೆಯದು ಅನ್ನುತ್ತೇನೆ. ಚಕ್ರ ಸವೆದು ಸಿಕ್ಕಿಹಾಕಿಕೊಳ್ಳುತ್ತದೆ, ನಡುವಿನ ಗುಂಡಿ ಕಳಚುತ್ತದೆ. ಕಿಟಕಿಗೆ ಅಂಥ ತಾಪತ್ರಯ ಕಡಿಮೆ, ಮೂಲೆಗಳು ಹರಿದಿಲ್ಲ ಅಂತ ನೋಡಿಕೊಂಡರೆ ಸಾಕು. ಎರಡಕ್ಕೂ ಒಳ್ಳೆ ಸುದ್ದಿ ಏನೆಂದರೆ ಇತ್ತೀಚಿನ ಮರುಮುದ್ರಣಗಳು ಚಕ್ರವನ್ನೂ ಕಿಟಕಿಯನ್ನೂ ಉಳಿಸಿಕೊಂಡಿವೆ. ಎಲ್ಲ ಆಲ್ಬಮ್ಮುಗಳಿಗೂ ಈ ಭಾಗ್ಯ ಇಲ್ಲ.

ಬಾಬ್ ಮಾರ್ಲಿ ಮತ್ತು ವೇಲರ್ಸ್‌ನ 1973ರ 'ಕ್ಯಾಚ್ ಎ ಫೈರ್' ಅದಕ್ಕೆ ಉದಾಹರಣೆ. ಮೊದಲ ಮುದ್ರಣದ ಕವರ್ ಒಂದು ದೊಡ್ಡ ಸಿಗರೇಟ್ ಲೈಟರ್, ಮುಚ್ಚಳ ಮೇಲಕ್ಕೆ ತೆರೆಯುತ್ತದೆ. ಖರ್ಚು ಜಾಸ್ತಿ ಆಯಿತು ಅಂತ ಕೈಬಿಟ್ಟು ಮಾರ್ಲಿ ಹೊಗೆ ಎಳೆಯುವ ಫೋಟೋ ಹಾಕಿದರು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಆ ಫೋಟೋದ್ದೇ. ಸ್ಮಾಲ್ ಫೇಸಸ್ ಬ್ಯಾಂಡ್ 1968ರಲ್ಲಿ ಹೊಗೆಸೊಪ್ಪಿನ ಡಬ್ಬಿಯಂತೆ ದುಂಡನೆಯ ಕವರ್ ಮಾಡಿತು. ಅಂಗಡಿಯ ಕಪಾಟಿನಿಂದ ಉರುಳಿ ಬೀಳತೊಡಗಿದಾಗ ಚೌಕಾಕಾರಕ್ಕೆ ಬಂದರು. ಪಬ್ಲಿಕ್ ಇಮೇಜ್ ಲಿಮಿಟೆಡ್‌ನ 1979ರ 'ಮೆಟಲ್ ಬಾಕ್ಸ್' ಸಿನಿಮಾ ರೀಲಿನ ತಗಡಿನ ಡಬ್ಬಿಯಲ್ಲೇ ಬಂತು. ನಮ್ಮ ಕರಾವಳಿಯ ಗಾಳಿಯಲ್ಲಿ ಆ ತಗಡಿಗೆ ತುಕ್ಕು ಹಿಡಿಯಲು ಎಷ್ಟು ದಿನ ಬೇಕು? ಮಂಗಳೂರು, ಕಾರವಾರದವರು ಇದನ್ನು ಬಿಟ್ಟು ಬೇರೆ ನೋಡುವುದು ವಾಸಿ.

ಇನ್ನು ವೆಲ್ವೆಟ್ ಅಂಡರ್‌ಗ್ರೌಂಡ್‌ನ ಬಾಳೆಹಣ್ಣು, 1967. ಇದೂ ವಾರ್ಹಾಲ್‌ದೇ. ಹಳದಿ ಸಿಪ್ಪೆ ಒಂದು ಸ್ಟಿಕ್ಕರ್, ಮೆಲ್ಲಗೆ ಸುಲಿಯಿರಿ ಅಂತ ಪಕ್ಕದಲ್ಲೇ ಬರೆದಿದೆ, ಸುಲಿದರೆ ಒಳಗೆ ಗುಲಾಬಿ ಬಣ್ಣದ ಹಣ್ಣು. ಜನ ಸುಲಿದರು. ಈಗ ಸುಲಿಯದ ಪ್ರತಿಗೆ ಬೆಲೆ ವಿಪರೀತ, ಅರ್ಧ ಸುಲಿದು ಹರಿದದ್ದು ತುಂಬ ಅಗ್ಗ. ನೋಡುವ ಖುಷಿಗೆ ಅಂದರೆ ಪೂರ್ತಿ ಸುಲಿದದ್ದನ್ನು ಕೊಳ್ಳಿ, ಗುಲಾಬಿ ಬಾಳೆಹಣ್ಣು ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಸುಲಿಯಲೋ ಬೇಡವೋ ಅನ್ನುವ ಸಂಕಟವೂ ಇಲ್ಲ.

ನಮ್ಮ ಸಿನಿಮಾ ರೆಕಾರ್ಡುಗಳು: ಹೊಸಬರು ಇಲ್ಲಿಂದ ಶುರು ಮಾಡಿ

ಮೇಲಿನದೆಲ್ಲ ಓದಿ ಡಾಲರ್ ಲೆಕ್ಕ ಹಾಕುತ್ತಾ ಕೂತಿದ್ದರೆ ಇಲ್ಲಿ ಬನ್ನಿ. ಕೋಲ್ಕತ್ತದ ಡಂ ಡಂ ಕಾರ್ಖಾನೆಯಲ್ಲಿ ಎಚ್.ಎಂ.ವಿ. ಒತ್ತಿದ ಎಲ್.ಪಿ., ಇ.ಪಿ.ಗಳು (ಇ.ಪಿ. ಅಂದರೆ ಚಿಕ್ಕ ಪ್ಲೇಟು), ಆಮೇಲೆ ಪೈಪೋಟಿಗೆ ಬಂದ ಪಾಲಿಡೋರ್, ಇನ್ರೆಕೊ ಕಂಪನಿಗಳದ್ದು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ 78 ಆರ್.ಪಿ.ಎಂ. ಪ್ಲೇಟುಗಳನ್ನು ಈ ದೃಷ್ಟಿಯಿಂದ ಮರೆತುಬಿಡಿ. ಅವು ಬಂದದ್ದು ನಾಯಿ ಚಿತ್ರದ ಅಥವಾ ಅಂಗಡಿಯ ಹೆಸರಿನ ಕಾಗದದ ಲಕೋಟೆಯಲ್ಲಿ. ಕವರಿನ ಮಜಾ ಶುರುವಾಗುವುದು 60ರ ದಶಕದ ಕೊನೆಯಿಂದ, ಅಬ್ಬರ ಪೂರ್ತಿ 70ರದ್ದು.

ಈ ಕವರುಗಳಿಗೆ ಒಂದು ನಿಯಮ ಅಂತ ಇಲ್ಲ. ಸಿನಿಮಾ ಪೋಸ್ಟರ್ ಬರೆಯುವ ಕೈಗಳೇ ಬರೆದ ಮುಖಗಳು, ಕಪ್ಪು-ಬಿಳುಪು ಸ್ಟಿಲ್ಲಿಗೆ ಮೇಲಿಂದ ಬಳಿದ ಕೆಂಪು ತುಟಿ, ಒಂದೇ ಚೌಕದೊಳಗೆ ನಾಯಕ, ಖಳ, ಮೋಟಾರ್ ಸೈಕಲ್, ಕ್ಯಾಬರೆ, ತಾಯಿಯ ಕಣ್ಣೀರು. ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರದೆ ಅಂಚಿನಲ್ಲಿ ಇಣುಕುತ್ತದೆ. ಮುದ್ರಣದ ಲೆಕ್ಕದಲ್ಲಿ ಅದು ತಪ್ಪೇ ಇರಬಹುದು, ಆದರೆ ಆ ಕವರಿನ ಜೀವ ಇರುವುದೇ ಅಲ್ಲಿ. ಹೆಚ್ಚಿನವುಗಳ ಮೇಲೆ ಕಲಾವಿದನ ಹೆಸರೇ ಇಲ್ಲ. ರೀಡ್ ಮೈಲ್ಸ್ ಹೆಸರು ಎಲ್ಲರಿಗೂ ಗೊತ್ತು, ಇವರು ಯಾರೋ ಯಾರಿಗೂ ಗೊತ್ತಿಲ್ಲ. ಬೇಜಾರಿನ ವಿಷಯ.

ಹಿಂದಿ ಎಲ್.ಪಿ.ಯೋ ಕನ್ನಡ ಇ.ಪಿ.ಯೋ ಅಂದರೆ ಎರಡಕ್ಕೂ ಅದರದೇ ವಾದ ಇದೆ. ಹಿಂದಿ ಎಲ್.ಪಿ.ಗೆ ಒಂದಡಿಯ ಪೂರ್ತಿ ಜಾಗ, ಮಡಚುವ ಕವರುಗಳೂ ಉಂಟು, ಪ್ರತಿಗಳೂ ಬೇಕಾದಷ್ಟು. ಹಾಡಿಲ್ಲದೆ ಬರೀ ಸಂಭಾಷಣೆಯ ರೆಕಾರ್ಡ್ ಕೂಡ ಮಾರಾಟವಾದ ಕಾಲ ಅದು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ'ಯ ಸಂಭಾಷಣೆಯ ರೆಕಾರ್ಡ್ ಎಷ್ಟು ಓಡಿತು ಅಂದರೆ ಜನರಿಗೆ ಗಬ್ಬರನ ಮಾತು ಬಾಯಿಪಾಠವಾಗಿತ್ತು. ಕನ್ನಡ ಸಿನಿಮಾ ಹಾಡುಗಳು ಹೆಚ್ಚಾಗಿ ಸಿಗುವುದು 7 ಇಂಚಿನ ಇ.ಪಿ.ಗಳಲ್ಲಿ. ಜಾಗ ಚಿಕ್ಕದು, ಬಣ್ಣ ಕಡಿಮೆ. ಆದರೆ ಅಕ್ಷರ ನೋಡಿ! ಕನ್ನಡಕ್ಕೆ ಇವತ್ತಿನ ಥರ ಕಂಪ್ಯೂಟರ್ ಫಾಂಟುಗಳು ಇಲ್ಲದ ಕಾಲ, ಪ್ರತಿ ಸಿನಿಮಾದ ಹೆಸರನ್ನೂ ಒಬ್ಬರು ಕುಂಚ ಹಿಡಿದು ಬೇರೆಯಾಗಿಯೇ ಬರೆದಿದ್ದಾರೆ. ಒತ್ತಕ್ಷರ ಬಾಲದಂತೆ ಕೆಳಗಿಳಿದಿರುತ್ತದೆ, ತಲೆಕಟ್ಟು ಒಮ್ಮೊಮ್ಮೆ ಹೂಬಳ್ಳಿಯಾಗುತ್ತದೆ. ಅಕ್ಷರದ ಹುಚ್ಚಿರುವವರು, ಡಿಸೈನ್ ಕಲಿಯುವವರು ಕಣ್ಣು ಮುಚ್ಚಿ ಈ ದಾರಿ ಹಿಡಿಯಬಹುದು. ಚಿಕ್ಕದಾದ್ದರಿಂದ ಫ್ರೇಮೂ ಅಗ್ಗ, ಒಂದೇ ಗೋಡೆಗೆ ಹತ್ತು ಹನ್ನೆರಡು ಹಾಕಬಹುದು.

ಶಾಸ್ತ್ರೀಯ ಸಂಗೀತದ ಎಲ್.ಪಿ.ಗಳು, ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರದ್ದೆಲ್ಲ, ಕೇಳಲು ಕೊಳ್ಳಿ. ಕವರುಗಳು ಬಹುಪಾಲು ಕಲಾವಿದರ ಫೋಟೋ ಅಷ್ಟೇ.

ಒಂದು ಎಚ್ಚರಿಕೆ. ಭಾರತದಲ್ಲಿ ಒತ್ತಿದ ವಿದೇಶಿ ಆಲ್ಬಮ್ಮುಗಳು ಅಗ್ಗಕ್ಕೆ ಸಿಗುತ್ತವೆ ಅಂತ ಹಾರಿ ಬೀಳಬೇಡಿ. ರಟ್ಟು ತೆಳು, ಮೂಲದಲ್ಲಿ ಮಡಚುವ ಕವರಿದ್ದದ್ದು ಇಲ್ಲಿ ಕೆಲವು ಸಲ ಒಂಟಿ ಕವರಾಗಿದೆ, ಪೋಸ್ಟರು ಗೀಸ್ಟರು ಇರುವುದು ಅನುಮಾನ. ಹಾಡಿಗೆ ಸರಿ, ಕವರಿಗೆ ಅಷ್ಟಕ್ಕಷ್ಟೇ.

ಯಾರೂ ತಿರುಗಿ ನೋಡದ ಅಗ್ಗದ ಚಿನ್ನ

ವಿದೇಶದಲ್ಲಿರುವ ಕನ್ನಡಿಗರಿಗೆ, ಮುಖ್ಯವಾಗಿ ಅಮೆರಿಕದವರಿಗೆ, ಒಂದು ಗುಟ್ಟು. ಅಲ್ಲಿಯ ಥ್ರಿಫ್ಟ್ ಅಂಗಡಿಗಳ, ಅಂದರೆ ಹಳೆ ಸಾಮಾನು ಮಾರುವ ಅಂಗಡಿಗಳ, ರೆಕಾರ್ಡ್ ಬುಟ್ಟಿಯಲ್ಲಿ ಕಮಾಂಡ್ ಕಂಪನಿಯ ಎಲ್.ಪಿ. ಹುಡುಕಿ. 'ಪರ್ಸ್ಯುಯೆಸಿವ್ ಪರ್ಕಶನ್', 'ಪ್ರೊವೊಕೇಟಿವ್ ಪರ್ಕಶನ್', ಇಂಥ ಹೆಸರುಗಳು. ಹೊಸದಾಗಿ ಸ್ಟೀರಿಯೋ ಕೊಂಡವರು ಸದ್ದು ಎಡದಿಂದ ಬಲಕ್ಕೆ ಓಡುವುದನ್ನು ನೆಂಟರಿಗೆ ತೋರಿಸಲು ಕೊಂಡದ್ದು. ಹಾಗಾಗಿ ರಾಶಿ ರಾಶಿ ಇವೆ, ಬೆಲೆ ಇಲ್ಲ. ಆದರೆ 1959ರಿಂದ 61ರ ನಡುವಿನ ಕೆಲವು ಕವರುಗಳ ವಿನ್ಯಾಸ ಜೋಸೆಫ್ ಆಲ್ಬರ್ಸ್ ಮಾಡಿದ್ದು! ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿಸಿದ, ಬಣ್ಣದ ಬಗ್ಗೆ ಪಾಠಪುಸ್ತಕವೇ ಬರೆದ ಆಲ್ಬರ್ಸ್. ಬಿಳಿ ಮೇಲೆ ಕಪ್ಪು ಚುಕ್ಕಿಗಳ ಚೌಕ, ಮೇಲಿಂದ ಕೆಲವು ಚುಕ್ಕಿ ಹಾರಿಹೋಗಿವೆ, ಅಷ್ಟೇ. ಅವನ ಚಿತ್ರಗಳು ಮ್ಯೂಸಿಯಮ್ಮಿನಲ್ಲಿವೆ, ಕವರುಗಳು ಬುಟ್ಟಿಯಲ್ಲಿವೆ. ದುಡ್ಡಿಗೆ ಸಿಗುವ ಕಲೆಯ ಲೆಕ್ಕ ಹಾಕಿದರೆ ಇಡೀ ಲೇಖನದಲ್ಲಿ ಇದೇ ಮೊದಲ ಸ್ಥಾನ.

ಅದೇ ಬುಟ್ಟಿಯಲ್ಲಿ ಹರ್ಬ್ ಆಲ್ಪರ್ಟ್‌ನ 1965ರ 'ವಿಪ್ಡ್ ಕ್ರೀಮ್' ಖಂಡಿತ ಇರುತ್ತದೆ. ಕ್ರೀಮಿನಲ್ಲಿ ಮುಳುಗಿ ಕೂತ ಹೆಣ್ಣಿನ ಫೋಟೋ, ಅದು ಹೆಚ್ಚಾಗಿ ಶೇವಿಂಗ್ ಕ್ರೀಮು. ಲಕ್ಷಗಟ್ಟಲೆ ಮಾರಿದೆ, ಒಂದು ಡಾಲರಿಗಿಂತ ಜಾಸ್ತಿ ಕೊಡಬೇಡಿ.

ಕವರಿನ ಆರೋಗ್ಯ, ಕೊಳ್ಳುವ ಜಾಗ

ಆನ್‌ಲೈನಿನಲ್ಲಿ, ಡಿಸ್ಕಾಗ್ಸ್‌ನಂಥ ಕಡೆ, ಪ್ಲೇಟಿಗೆ ಒಂದು ದರ್ಜೆ, ಕವರಿಗೆ ಇನ್ನೊಂದು ದರ್ಜೆ ಕೊಟ್ಟಿರುತ್ತಾರೆ. ನೀವು ಎರಡನೆಯದನ್ನು ನೋಡಿ. ಕವರಿಗೆ ವೆರಿ ಗುಡ್ ಪ್ಲಸ್, ಅಂದರೆ ವಿ.ಜಿ. ಪ್ಲಸ್‌ಗಿಂತ ಕೆಳಗೆ ಇಳಿಯಬೇಡಿ, ಪ್ಲೇಟು ಹೇಗಾದರೂ ಇರಲಿ. ಮುಖ್ಯ ರೋಗ ಮೂರು. ಒಳಗಿನ ಪ್ಲೇಟು ಉಜ್ಜಿ ಕವರಿನ ಮೇಲೆ ದುಂಡಗೆ ಬಿಳಿ ಉಂಗುರ ಮೂಡುವುದು, ಕಪ್ಪು ಕವರುಗಳಿಗೆ ಇದರ ಕಾಟ ಅತಿ. ಕೆಳಗಿನ ಅಂಟು ಬಿಟ್ಟು ಅಂಚು ಸೀಳುವುದು. ಮತ್ತೆ, ಮಾರಾಟವಾಗದ ಸರಕು ಅಂತ ಕಂಪನಿಯೇ ಮೂಲೆ ಕತ್ತರಿಸಿದ ಅಥವಾ ತೂತು ಹೊಡೆದ ಪ್ರತಿಗಳು. ಸೀಳಿದ್ದನ್ನು ಫ್ರೇಮಿನಲ್ಲಿ ಮುಚ್ಚಬಹುದು, ಉಂಗುರವನ್ನು ಆಗುವುದಿಲ್ಲ. ಹಳೆ ಯಜಮಾನ ಪೆನ್ನಿನಲ್ಲಿ ಬರೆದ ಹೆಸರು, ಮದುವೆ ಉಡುಗೊರೆಯ ಒಕ್ಕಣೆ ಇದ್ದರೆ ನನಗಂತೂ ಇಷ್ಟ, ಬೆಲೆಯೂ ಇಳಿಯುತ್ತದೆ.

ಅಂಚೆಯಲ್ಲಿ ತರಿಸುವುದಾದರೆ ಪ್ಲೇಟನ್ನು ಕವರಿನಿಂದ ಹೊರಗೆ ತೆಗೆದು, ಪಕ್ಕದಲ್ಲಿಟ್ಟು ಕಟ್ಟಲು ಹೇಳಿ. ದಾರಿಯಲ್ಲಿ ಕುಲುಕಿದಾಗ ಒಳಗಿನ ಪ್ಲೇಟೇ ಕವರಿನ ಅಂಚನ್ನು ಸೀಳುವುದು. ವಿದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ, ಅದಕ್ಕೇ ಒಂದೊಂದೇ ತರಿಸುವ ಬದಲು ಬರುವ ಹೋಗುವ ನೆಂಟರ ಪೆಟ್ಟಿಗೆ ನೋಡಿಕೊಳ್ಳಿ. ಸಿನಿಮಾ ರೆಕಾರ್ಡಿಗೆ ಮುಂಬೈಯ ಚೋರ್ ಬಜಾರ್, ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟ್ ಹೆಸರುವಾಸಿ. ಬೆಂಗಳೂರಿನವರು ಚಿಕ್ಕಪೇಟೆ ಕಡೆಯ ಸಂಡೆ ಬಜಾರಿಗೆ ಬೆಳಿಗ್ಗೆ ಬೇಗ ಹೋಗಿ. ಚೌಕಾಸಿ ಮಾಡುವಾಗ ಪ್ಲೇಟು ಹೊರಗೆ ತೆಗೆದು ಗೀರು ತೋರಿಸಿ, ಕವರ್ ಬಗ್ಗೆ ಬಾಯಿ ಬಿಡಬೇಡಿ.

ಮನೆಗೆ ತಂದ ಮೇಲೆ ಮಳೆಗಾಲವೇ ಶತ್ರು. ಮಲೆನಾಡು, ಕರಾವಳಿಯಲ್ಲಿ ಗೋಡೆಗೆ ತಾಗಿಸಿ ಇಟ್ಟರೆ ಒಂದೇ ಮಳೆಗಾಲಕ್ಕೆ ಬೂಷ್ಟು. ನೆಲದಿಂದ ಮೇಲೆ, ನೆಟ್ಟಗೆ ನಿಲ್ಲಿಸಿ ಇಡಿ, ಪೇರಿಸಬೇಡಿ. ಮೇಲುಕವರ್ ಪಾಲಿಪ್ರೊಪಿಲೀನಿನದ್ದು ತನ್ನಿ. ಮೆತ್ತಗಿನ ಪಿ.ವಿ.ಸಿ. ಕವರು ವರ್ಷಗಟ್ಟಲೆ ಇಟ್ಟರೆ ಅಂಟಿಕೊಳ್ಳುತ್ತದೆ, ಪ್ಲೇಟಿಗೂ ಮಬ್ಬು ಹಿಡಿಸುತ್ತದೆ. ಸೀಳಿದ ಅಂಚಿಗೆ ಸೆಲ್ಲೋಟೇಪ್ ಹಚ್ಚಿದರೆ ಹತ್ತು ವರ್ಷಕ್ಕೆ ಹಳದಿ ಕಲೆ ಗ್ಯಾರಂಟಿ. ಫ್ರೇಮ್ ಮಾಡಿಸುವಾಗ ಪ್ಲೇಟನ್ನು ಹೊರಗೆ ತೆಗೆದು ಬೇರೆ ಲಕೋಟೆಯಲ್ಲಿ ಇಡಿ, ಅದರ ಭಾರಕ್ಕೆ ಕವರು ಕೆಳಗೆ ಜಗ್ಗುತ್ತದೆ. ಬಿಸಿಲು ಬೀಳುವ ಗೋಡೆ ಬೇಡ, ಕೆಂಪು ಬಣ್ಣ ಎಲ್ಲಕ್ಕಿಂತ ಮೊದಲು ಹೋಗುತ್ತದೆ, ನಮ್ಮ ಸಿನಿಮಾ ಕವರುಗಳಲ್ಲಿ ಇರುವುದೇ ಕೆಂಪು. ಮುಂದಿನಿಂದ ತೆರೆಯುವ ಫ್ರೇಮ್ ಸಿಕ್ಕರೆ ಎರಡು ಕಾಸು ಜಾಸ್ತಿಯಾದರೂ ಕೊಳ್ಳಿ, ಗೋಡೆಯಿಂದ ಇಳಿಸದೆಯೇ ಕವರ್ ಬದಲಿಸಬಹುದು.